ಒತ್ತಬೇಡ, ಹಿಡ್ಕೋ

ಪಂಚನಹಳ್ಳಿಯ ಕರಿಸಿದ್ದಪ್ಪನ ಬಲಗಾಲಿನ ಹೆಬ್ಬೆರಳಿಗೆ ಮೊದಲ ಸಲ ನೋವು ಬಂದದ್ದು ಐವತ್ತನಾಲ್ಕನೇ ಇಸವಿಯಲ್ಲಿ, ಹುರುಳಿ ಕೀಳುವ ಕಾಲಕ್ಕೆ. ಹಿಂದಿನ ದಿನ ಮನೆದೇವರಿಗೆ ಮರಿ ಕಡಿದು, ನೆಂಟರಿಷ್ಟರಿಗೆಲ್ಲ ಬಾಡೂಟ ಹಾಕಿಸಿ, ತಾನೂ ಎರಡಾಳಿನ ಊಟ ಉಂಡು ಮಲಗಿದ್ದ ಮನುಷ್ಯ ಬೆಳಿಗ್ಗೆ ಎದ್ದು ಕಾಲೂರಲಾರದೆ ಕಿರುಚಿಕೊಂಡ. ಚೇಳು ಕಡಿದಿರಬೇಕೆಂದು ಹೆಂಡತಿ ಅಂಬಮ್ಮ ಹಾಸಿಗೆ ಕೊಡವಿದಳು, ಮೂಲೆ ಮೂಲೆ ತಡಕಿದಳು. ಚೇಳೂ ಇಲ್ಲ, ಜರಿಯೂ ಇಲ್ಲ. ಬೆರಳ ಬುಡ ಕೆಂಪಗೆ ಊದಿಕೊಂಡು ಮಿರಮಿರ ಮಿಂಚುತ್ತಿತ್ತು. ಪಂಚೆಯ ಅಂಚು ಸೋಕಿದರೂ ಆ ಆರಡಿ ಆಳು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ.

ಕಡೂರಿನ ಡಾಕ್ಟರು ನೋಡಿ "ಇದು ಗೌಟು" ಅಂದರು. ಊರಿನವರು ಅದನ್ನು ಗೌಡ್ರ ಕಾಯಿಲೆ ಎಂದು ಮಾಡಿಕೊಂಡರು. ಕರಿಸಿದ್ದಪ್ಪ ತಮ್ಮ ಹಟ್ಟಿಗೆ ಗೌಡ; ಗೌಡನಿಗೆ ಗೌಡರ ಕಾಯಿಲೆ ಬಾರದೆ ಇನ್ಯಾರದು ಬಂದೀತು ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ತರೀಕೆರೆಯ ಪಂಡಿತರು ಮಾತ್ರ ವಾತರಕ್ತ ಎಂದು ಹೆಸರಿಟ್ಟು, ಒಂದು ಸೀಸೆ ಎಣ್ಣೆ ಕೊಟ್ಟು, ಬಾಡು ಬಿಡು, ಹೆಂಡ ಬಿಡು ಎಂದು ಹೇಳಿ ಕಳಿಸಿದರು. ಕರಿಸಿದ್ದಪ್ಪ ಹೆಂಡವನ್ನು ನಿಜವಾಗಿಯೂ ಬಿಟ್ಟ. ಬಾಡನ್ನು ಬಿಟ್ಟೆ ಎಂದು ಹೇಳಿಕೊಂಡು ತಿರುಗಿದ.

ಎಣ್ಣೆಯೇನೋ ಬಂತು, ಹಚ್ಚುವವರು ಯಾರು? ಅಂಬಮ್ಮನದು ರಾಗಿ ಬೀಸಿ ಬೀಸಿ ಒರಟಾದ ಕೈ. ಅವಳು ಹತ್ತಿರ ಬಂದರೇ ಕರಿಸಿದ್ದಪ್ಪ ಕಾಲೆಳೆದುಕೊಳ್ಳುತ್ತಿದ್ದ. ಕ್ಷೌರದವನು ಬಂದು, "ಒತ್ತಿದ್ರೇನೇ ಇಳಿಯೋದು ಗೌಡ್ರೆ" ಎನ್ನುತ್ತ ಹೆಬ್ಬೆರಳಿಗೆ ಹೆಬ್ಬೆರಳೂರಿದ. ಆಮೇಲೆ ಅವನು ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಬೀದಿಗೆ ಓಡಿದ್ದನ್ನು ಊರು ಬಹಳ ದಿನ ಆಡಿಕೊಂಡಿತು.

ಕೊನೆಗೆ ಆ ಕಾಲಿನ ಹತ್ತಿರ ಕೂರುವ ಧೈರ್ಯ ಮಾಡಿದವನು ತಮ್ಮ ಸಣ್ಣಬೀರಪ್ಪ. ಅಣ್ಣನಿಗಿಂತ ಹದಿನೆಂಟು ವರ್ಷಕ್ಕೆ ಚಿಕ್ಕವನು. ಅವನು ಎರಡು ವರ್ಷದ ಕೂಸಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಆಗ ತಾನೇ ಮದುವೆಯಾಗಿ ಬಂದಿದ್ದ ಅಂಬಮ್ಮ ಅವನನ್ನು ಸೊಂಟದಿಂದ ಇಳಿಸದೆ ಬೆಳೆಸಿದಳು. ಅವಳಿಗೂ ಕರಿಸಿದ್ದಪ್ಪನಿಗೂ ಬೇರೆ ಮಕ್ಕಳಾಗಲಿಲ್ಲ. ಸಣ್ಣ ಇದ್ದಾನಲ್ಲ ಎಂದು ಅವರು ಅದನ್ನು ಒಂದು ಕೊರತೆ ಅಂದುಕೊಳ್ಳಲೂ ಇಲ್ಲ.

ಸಣ್ಣಬೀರಪ್ಪ ಕುರಿ ಕಾಯುತ್ತ ಬೆಳೆದವನು. ಕಾಲು ಉಳುಕಿದ ಮರಿಯನ್ನು ಹೇಗೆ ಹಿಡಿಯಬೇಕೆಂಬುದು ಅವನ ಕೈಗೆ ಗೊತ್ತಿತ್ತು. ಒತ್ತಿದರೆ ಮರಿ ಒದೆಯುತ್ತದೆ. ಎರಡು ಅಂಗೈಗಳ ನಡುವೆ ಕಾಲನ್ನಿಟ್ಟುಕೊಂಡು ಸುಮ್ಮನೆ ಕೂರಬೇಕು. ಅದರ ಏದುಸಿರು ತಣ್ಣಗಾದ ಮೇಲೆ ಕೈಯನ್ನು ಒಂದಿಷ್ಟೇ ಇಷ್ಟು ಸರಿಸಬೇಕು. ಅಣ್ಣನ ಕಾಲಿಗೂ ಅವನು ಹಾಗೇ ಮಾಡಿದ. ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಮೊದಲು ತನ್ನ ಅಂಗೈಗೆ ಸವರಿಕೊಂಡ. ಬೆರಳ ತಂಟೆಗೇ ಹೋಗದೆ ಮೊಣಕಾಲ ಕೆಳಗಿಂದ ಶುರುಮಾಡಿ, ಮೀನಖಂಡ, ಹಿಮ್ಮಡಿ ಎಂದು ಇಳಿದು ಅಂಗಾಲಿಗೆ ಬರುವ ಹೊತ್ತಿಗೆ ಅರ್ಧ ಗಂಟೆಯಾಗಿತ್ತು. ಊದಿದ ಬೆರಳನ್ನು ಉಜ್ಜಲೇ ಇಲ್ಲ. ಗುಬ್ಬಿಮರಿಯನ್ನು ಹಿಡಿದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡು ಕೂತ.

"ಒತ್ತಬೇಡ ಕಣೋ ಸಣ್ಣ, ಹಿಡ್ಕೋ" ಎಂದ ಕರಿಸಿದ್ದಪ್ಪ, ಕಣ್ಣು ಬಿಗಿಯಾಗಿ ಮುಚ್ಚಿ.

"ಒತ್ತಲ್ಲ ಕಣಣ್ಣ. ಹಿಡ್ಕೊಂಡಿರ್ತೀನಿ, ಅಷ್ಟೆ."

ಮೂರು ದಿನದಿಂದ ರೆಪ್ಪೆ ಮುಚ್ಚದಿದ್ದ ಕರಿಸಿದ್ದಪ್ಪ ಆವತ್ತು ಗೊರಕೆ ಹೊಡೆದ. ಅಂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು.

ಕಾಯಿಲೆ ವಾಸಿಯಾಯಿತೇ ಎಂದರೆ ಇಲ್ಲ. ವರ್ಷಕ್ಕೆ ಮೂರು ಸಲ, ನಾಲ್ಕು ಸಲ ಬರುತ್ತಿತ್ತು, ವಾರವಿದ್ದು ಹೋಗುತ್ತಿತ್ತು. ಆದರೆ ತಮ್ಮನ ಕೈ ಕಾಲ ಮೇಲಿರುವಷ್ಟು ಹೊತ್ತು ಕರಿಸಿದ್ದಪ್ಪ ಮನುಷ್ಯನಾಗಿರುತ್ತಿದ್ದ. ಮಿಕ್ಕ ದಿನ ನಾಲ್ಕು ಮಾತಾಡದವನು ಆಗ ಅವ್ವನ ವಿಷಯ ಹೇಳುತ್ತಿದ್ದ. ಅವ್ವ ಹೇಗೆ ನಗುತ್ತಿದ್ದಳು, ಕಂಬಳಿಗೆ ಉಣ್ಣೆ ನೂಲುವಾಗ ಏನು ಗುನುಗುತ್ತಿದ್ದಳು ಎಂದೆಲ್ಲ. ತಾಯಿಯ ಮುಖವೇ ನೆನಪಿಲ್ಲದ ಸಣ್ಣಬೀರಪ್ಪನಿಗೆ ಅವ್ವ ಸಿಕ್ಕಿದ್ದು ಆ ಕಾಲು ಹಿಡಿದುಕೊಂಡು ಕೂತಾಗಲೇ. ಅಣ್ಣನಿಗೆ ನೋವು ಬಂದಾಗ ತನಗೆ ಒಳಗೊಳಗೇ ಒಂದಿಷ್ಟು ಖುಷಿಯೂ ಆಗುತ್ತದಲ್ಲ ಎಂದು ಅವನು ನಾಚಿಕೊಳ್ಳುತ್ತಿದ್ದ.

ಹೀಗೆ ಆ ಮನೆಯಲ್ಲಿ ಕಾಲು ಹಿಡಿಯುವುದು ಎಂಬ ಮಾತಿಗೆ ಬೇರೆಯೇ ಅರ್ಥ ಬಂದುಬಿಟ್ಟಿತು. ಊರಲ್ಲಿ ಕಾಲು ಹಿಡಿಯುವುದೆಂದರೆ ಗೋಗರೆಯುವುದು, ತಪ್ಪಾಯಿತೆಂದು ಅಡ್ಡಬೀಳುವುದು, ಅಮಲ್ದಾರರ ಮುಂದೆ ಹಲ್ಲು ಗಿಂಜುವುದು. ಈ ಮನೆಯಲ್ಲಿ ಮಾತ್ರ ಅದು ಎಣ್ಣೆಯ ಬಟ್ಟಲು, ಬೆಚ್ಚನೆಯ ಅಂಗೈ. ಸಣ್ಣಬೀರಪ್ಪನ ಮಗಳು ಕಾಂತಮ್ಮ ಕುರಿ ರೊಪ್ಪದವರೆಗೂ ಓಡಿ ಬಂದು, "ಅಪ್ಪಾ, ದೊಡ್ಡಪ್ಪನ ಕಾಲು ಹಿಡೀಬೇಕಂತೆ, ಬಾ" ಎಂದು ಕೂಗಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಐವತ್ತೊಂಬತ್ತರಲ್ಲಿ ಆ ಕಾಂತಮ್ಮನನ್ನು ನೋಡಲು ಗಂಡಿನ ಕಡೆಯವರು ಬಂದರು. ಬಂದದ್ದು ಸರಿ, ಬಂದ ದಿನ ಸರಿಯಿರಲಿಲ್ಲ. ಕರಿಸಿದ್ದಪ್ಪನಿಗೆ ಎರಡು ದಿನದಿಂದ ನೋವು ಕೆರಳಿತ್ತು. ಒಳಗೆ ಮಲಗಿರು ಎಂದರೆ ಕೇಳುವ ಆಸಾಮಿಯೇ? ಮನೆಯ ಮೊದಲ ಶುಭಕಾರ್ಯಕ್ಕೆ ತಾನು ಎದುರಿಗಿಲ್ಲದಿದ್ದರೆ ಹೇಗೆಂದು ಪಡಸಾಲೆಯಲ್ಲಿ ಕಂಬಳಿ ಹಾಸಿಸಿ, ದಿಂಬಿನ ಮೇಲೆ ಕಾಲಿಟ್ಟು ಕೂತ. ತಮ್ಮ ಪಕ್ಕದಲ್ಲೇ ಕೂತು ಕಾಲು ಹಿಡಿದುಕೊಂಡಿದ್ದ.

ಗಂಡಿನ ಸೋದರಮಾವ ಬಾಯಾಳಿ. ಎಲೆಯಡಿಕೆ ಮೆಲ್ಲುತ್ತ, "ಏನಪ್ಪಾ, ಹೆಣ್ಣಿನ ತಂದೆ ಇವರೋ, ಕಾಲು ಹಿಡೀತಿರೋ ನೀನೋ?" ಎಂದು ಕೇಳಿದ. ಅವನ ಜೊತೆಯವರು ನಕ್ಕರು. ಸಣ್ಣಬೀರಪ್ಪನಿಗೆ ಕಿವಿಯವರೆಗೂ ಬಿಸಿಯೇರಿತು. ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದ. ಆ ಸಿಟ್ಟು ಬಾಯಿಗೆ ಬರುವ ಮೊದಲು ಕೈಗೆ ಬಂತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಒತ್ತದ ಹೆಬ್ಬೆರಳು ಊದಿದ ಗಂಟಿನ ಮೇಲೆ ಒತ್ತಿಬಿಟ್ಟಿತು.

ಕರಿಸಿದ್ದಪ್ಪ ಅರಚಿದ. ಕಾಲು ತಾನಾಗಿಯೇ ಹಾರಿತು. ಒದೆ ಬಿದ್ದದ್ದು ಸಣ್ಣಬೀರಪ್ಪನ ಎದೆಗೆ. ಅವನು ಹಿಂದಕ್ಕೆ ಮಗುಚಿ ಬೀಗರ ಮುಂದಿದ್ದ ಎಲೆಯಡಿಕೆಯ ತಟ್ಟೆಯ ಮೇಲೆ ಬಿದ್ದ. ಆಮೇಲೆ ಸೋದರಮಾವ ವಲ್ಲಿ ಕೊಡವಿಕೊಂಡು ಎದ್ದ. "ಊರಿಗೆ ಹೋಗಿ ಯೋಚ್ನೆ ಮಾಡಿ ಹೇಳಿ ಕಳಿಸ್ತೀವಿ" ಅಂದ. ಹೇಳಿ ಕಳಿಸಲಿಲ್ಲ.

ಒತ್ತಿದ್ದು ನಾನೇ ಎಂದು ಸಣ್ಣಬೀರಪ್ಪ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೆಂಡತಿ ಯಲ್ಲಮ್ಮ, "ಬೀಗರ ಮುಂದೆ ನಾಯಿಗೆ ಒದ್ದಂಗೆ ಒದ್ನಲ್ಲ, ಇನ್ನೂ ಆ ಕಾಲೇ ಹಿಡೀತೀಯಾ?" ಎಂದು ಅತ್ತಾಗ, ಅವನಿಗೂ ಒದೆಯೊಂದೇ ನೆನಪಿನಲ್ಲಿ ಉಳಿಯಿತು. ಅತ್ತ ಕರಿಸಿದ್ದಪ್ಪನಾದರೂ ಕರೆದು, ನೋವಿಗೆ ಹಾರಿತು ಕಣೋ ಅನ್ನಬಹುದಿತ್ತು. ಇಷ್ಟು ವರ್ಷ ಈ ಕಾಲನ್ನು ಹಿಡಿದವನಿಗೆ ಅದನ್ನೂ ಬಿಡಿಸಿ ಹೇಳಬೇಕೇ ಎಂದು ಅವನು ಮುಖ ತಿರುಗಿಸಿ ಮಲಗಿದ. ಇಬ್ಬರದೂ ಒಂದೇ ರಕ್ತ, ಹಟವೂ ಒಂದೇ ತೂಕ.

ಹದಿನೈದು ದಿನದೊಳಗೆ ಸಣ್ಣಬೀರಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ಯಲ್ಲಮ್ಮನ ತವರು ಅಜ್ಜಂಪುರಕ್ಕೆ ಹೋದ. ಅಲ್ಲಿ ಅಮೃತಮಹಲ್ ದನಗಳನ್ನು ಕಾಯುವ ಕೆಲಸ ಸಿಕ್ಕಿತು. ಹೊಸ್ತಿಲು ದಾಟುವಾಗ, "ಇನ್ನು ಆ ಕಾಲು ಹಿಡಿದ್ರೆ ನಾನು ನಮ್ಮವ್ವನ ಮಗ ಅಲ್ಲ" ಎಂದು ಅಂಬಮ್ಮನ ಎದುರಿಗೇ ಆಣೆ ಹಾಕಿದ. ಅವ್ವನ ಹೆಸರಿನ ಮೇಲೆ ಹಾಕಿದ ಆಣೆ. ಆ ಅವ್ವನನ್ನು ತನಗೆ ಕೊಟ್ಟವರು ಯಾರೆಂದು ಆಗ ಅವನಿಗೆ ಹೊಳೆಯಲಿಲ್ಲ.

ಮರುವರ್ಷ ಕಾಂತಮ್ಮನಿಗೆ ತರೀಕೆರೆಯ ಗಂಡು ಗೊತ್ತಾಗಿ ಮದುವೆಯಾಯಿತು. ಹೆಗಲ ಮೇಲೆ ಹೊತ್ತು ಬೆಳೆಸಿದ ದೊಡ್ಡಪ್ಪನಿಗೆ ಲಗ್ನಪತ್ರಿಕೆ ಹೋಗಲಿಲ್ಲ. ಧಾರೆಯ ಹೊತ್ತಿನಲ್ಲಿ ಹುಡುಗಿ ಚಪ್ಪರದ ಬಾಗಿಲ ಕಡೆಗೇ ನೋಡುತ್ತಿದ್ದಳು. ಸಣ್ಣಬೀರಪ್ಪ ಅದನ್ನು ಕಂಡೂ ಕಾಣದಂತಿದ್ದ. ಆ ಸಂಕಟ ಅವನನ್ನು ಬಹಳ ದಿನ ತಿಂದಿತು.

ಅರವತ್ತೆರಡನೇ ಇಸವಿಯ ಒಂದು ಸಂತೆಯ ದಿನ ಪಂಚನಹಳ್ಳಿಯ ಈರಣ್ಣ ಅಜ್ಜಂಪುರಕ್ಕೆ ಬಂದ. ತೆಂಗಿನಕಾಯಿ ವ್ಯಾಪಾರದವನು, ಸಾಧು ಮನುಷ್ಯ. ಹೊಗೆಸೊಪ್ಪಿನ ಅಂಗಡಿಯ ಮುಂದೆ ನಾಲ್ಕು ಜನರ ಜೊತೆ ನಿಂತಿದ್ದ ಸಣ್ಣಬೀರಪ್ಪನನ್ನು ಕಂಡು ಹತ್ತಿರ ಬಂದ.

"ಸಣ್ಣಬೀರಪ್ಪ, ನಿಮ್ಮಣ್ಣ ಒಂದು ಮಾತು ಹೇಳಿ ಕಳಿಸವ್ರೆ ಕಣಪ್ಪ."

ಮೂರು ವರ್ಷದಿಂದ ಕಾದ ಮಾತು. "ಏನಂತೆ?" ಎಂದ ಸಣ್ಣಬೀರಪ್ಪ, ಬೇಕೆಂದೇ ಗಂಟುಮುಖ ಹಾಕಿಕೊಂಡು.

"ಸಣ್ಣ ಬಂದು ಕಾಲು ಹಿಡೀಲಿ, ಅಷ್ಟೇ ಸಾಕು, ಬೇರೆ ಏನೂ ಬ್ಯಾಡ ಅಂತ ಹೇಳು ಅಂದ್ರು."

ಹೊಗೆಸೊಪ್ಪಿನವನು ಕಿಸಕ್ಕನೆ ನಕ್ಕ. ಈರಣ್ಣ ಕೇಳಿದ್ದನ್ನು ಕೇಳಿದ ಹಾಗೇ ತಂದು ಒಪ್ಪಿಸಿದ್ದ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಸಂತೆಯ ಬೀದಿಯಲ್ಲಿ ಆ ಮಾತಿಗೆ ಇದ್ದದ್ದು ಸಂತೆಯವರ ಅರ್ಥ. ಪಂಚನಹಳ್ಳಿಯ ಮನೆಯ ಅರ್ಥವನ್ನು ನೆನೆಯಲು ಸಣ್ಣಬೀರಪ್ಪನಿಗೆ ಒಂದು ಗಳಿಗೆ ಬೇಕಿತ್ತು. ಅವನ ಸಿಟ್ಟು ಆ ಒಂದು ಗಳಿಗೆಯನ್ನೂ ಕೊಡಲಿಲ್ಲ.

"ಒದ್ದೋನು ಅವ್ನು, ಒದೆಸ್ಕೊಂಡೋನು ನಾನು. ನಾನ್ಯಾಕೆ ಹೋಗಿ ಕಾಲು ಹಿಡೀಲಿ? ಬೇಕಾದ್ರೆ ಅವನೇ ಬರ್ಲಿ ಅಂತ ಹೇಳು ಹೋಗು!"

"ಹಂಗಲ್ಲ ಕಣಪ್ಪ, ಗೌಡ್ರಿಗೆ ಈ ಸಲ..." ಎಂದು ಈರಣ್ಣ ಬಾಯಿ ತೆರೆಯುವಷ್ಟರಲ್ಲಿ ಸಣ್ಣಬೀರಪ್ಪ ಜನರ ನಡುವೆ ನುಗ್ಗಿ ಹೊರಟುಹೋಗಿದ್ದ.

ನಾಲ್ಕು ದಿನ ಅವನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಐದನೆಯ ದಿನ ಬೆಳಗಿನ ಜಾವ, ಮನೆಯ ಕರು ಕಾಲು ಉಳುಕಿಸಿಕೊಂಡು ಕೊಟ್ಟಿಗೆಯಲ್ಲಿ ಕುಂಟುತ್ತಿತ್ತು. ಅವನು ಎಣ್ಣೆ ಬಿಸಿ ಮಾಡಿ ತರುವಷ್ಟರಲ್ಲಿ ಯಲ್ಲಮ್ಮ ಅದರ ಕಾಲನ್ನು ಬಿಗಿಯಾಗಿ ಅದುಮಿ ಹಿಡಿದಿದ್ದಳು. ಕರು ಝಾಡಿಸಿತು.

"ಒತ್ತಬೇಡ ಕಣೇ, ಹಿಡ್ಕೋ ಸಾಕು" ಅಂದ.

ಅಂದವನು ಅಲ್ಲೇ ನಿಂತುಬಿಟ್ಟ. ಬಂದು ಕಾಲು ಹಿಡೀಲಿ, ಅಷ್ಟೇ ಸಾಕು. ಬೇರೆ ಏನೂ ಬ್ಯಾಡ.

ಯಲ್ಲಮ್ಮ ಕರುವಿನ ಕಾಲು ಬಿಟ್ಟು ಅವನ ಮುಖ ನೋಡಿದಳು. ಈರಣ್ಣ ತಂದ ಮಾತು ಸಂತೆಯವರಿಂದ ಅವಳ ಕಿವಿಗೂ ಬಿದ್ದಿತ್ತು; ಈಗ ಅವಳಿಗೂ ಹೊಳೆಯಿತು. ಮೂರು ವರ್ಷ ಅಣ್ಣ ತಮ್ಮಂದಿರ ಉರಿಗೆ ಸೌದೆ ಹಾಕಿದವಳು ಅವಳೇ, ಈಗ ಮೊದಲು ಅತ್ತವಳೂ ಅವಳೇ. "ಅಯ್ಯೋ, ನೋವು ತಡೀಲಾರ್ದೆ ಕೇಳವ್ರಲ್ಲ... ನಿಂತ್ಕೊಂಡೇನು ನೋಡ್ತೀಯ, ರೈಲು ಹೊಂಡೋ ಹೊತ್ತಾಯ್ತು, ಓಡು" ಎಂದು ಎಣ್ಣೆಯ ಸೀಸೆಯನ್ನು ವಲ್ಲಿಯಲ್ಲಿ ಸುತ್ತಿ ಅವನ ಕಂಕುಳಿಗೆ ಇಟ್ಟಳು.

ಅಜ್ಜಂಪುರದಿಂದ ಕಡೂರಿಗೆ ರೈಲು, ಕಡೂರಿನಿಂದ ಬಸ್ಸು. ದಾರಿಯುದ್ದಕ್ಕೂ ಅವನು ಒಂದೇ ಮಾತನ್ನು ಹೊಂದಿಸಿಕೊಳ್ಳುತ್ತಿದ್ದ. ಅಣ್ಣ, ಅವತ್ತು ಒತ್ತಿದ್ದು ನಾನೇ ಕಣಣ್ಣ. ನನ್ನದೇ ತಪ್ಪು. ಮೂರು ವರ್ಷ ಗಂಟಲಿನಿಂದ ಹೊರಗೆ ಬಾರದ ಮಾತು ಆಗ ಸರಾಗವಾಗಿ ಬರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮನೆಯ ಹತ್ತಿರ ಬಂದರೆ ಅಂಗಳದಲ್ಲಿ ಕಮಾನು ಗಾಡಿ ನಿಂತಿತ್ತು. ಒಳಗೆ ಮೊಳ ದಪ್ಪಕ್ಕೆ ಮೆತ್ತಗೆ ಹುಲ್ಲು ಹಾಸಿ, ಮೇಲೆ ಎರಡು ಕಂಬಳಿ ಹರವಿ, ಕಾಲಿಡುವ ಕಡೆ ದಿಂಬು ಇಟ್ಟಿದ್ದರು. ಅಣ್ಣನನ್ನು ಕಡೂರಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿರಬೇಕು, ಹೊತ್ತಿಗೆ ಸರಿಯಾಗಿ ಬಂದೆ ಎಂದು ಅವನಿಗೆ ಜೀವ ಬಂದಂತಾಯಿತು. ಆಮೇಲೆ ಜಗಲಿಯ ಮುಂದೆ ಕೂತ ಜನ ಕಂಡರು, ಬಾಗಿಲಲ್ಲಿ ಹಾಕಿದ್ದ ಬೆಂಕಿ ಕಂಡಿತು.

ಅಂಬಮ್ಮ ಎದ್ದು ಬಂದು ಅವನ ಎರಡೂ ತೋಳು ಹಿಡಿದುಕೊಂಡಳು. "ಕೋಳಿ ಕೂಗೋ ಹೊತ್ಗೆ ಹೋದ್ರು ಕಣೋ ಸಣ್ಣಪ್ಪ. ತಿಂಗಳಿಂದ ಮೈಯೆಲ್ಲ ಊತ. ಉಚ್ಚೆ ಕಟ್ಟೋಗಿತ್ತು. ಡಾಕ್ಟ್ರು ಕೈ ಚೆಲ್ಲಿದ್ರು."

"ಅತ್ತಿಗೆ, ಗಾಡಿ...?"

"ನಿನ್ ತಾವ್ಕೇ ಬರೋಕೆ ಕಣೋ." ಅಂಬಮ್ಮ ಬಿಕ್ಕಿದಳು. "ಈರಣ್ಣ ಬಂದು, 'ಅಣ್ಣನೇ ಬರ್ಲಿ ಅಂದ' ಅಂತ ಹೇಳ್ದ. ಎಷ್ಟು ಖುಷಿ ಪಟ್ರು ಗೊತ್ತಾ? 'ನೋಡ್ದೇನೇ, ಸಣ್ಣ ಬಾ ಅಂದವ್ನೆ, ಗಾಡಿ ಕಟ್ಸು' ಅಂತ ದಿನಾ ಒಂದೇ ಕಾಟ. ಬಸ್ಸಲ್ಲಿ ಯಾರಾದ್ರೂ ಕಾಲು ತುಳಿದ್ರೆ ಅಂತ ಗಾಡೀಲೇ ಕಡೂರ್ಗಂಟ ಹೋಗಿ ರೈಲು ಹತ್ಸೋಣ ಅಂತಿದ್ವಿ. ಇವತ್ತು ಬೆಳಿಗ್ಗೆ ಹೊಂಡ್ಬೇಕಿತ್ತು."

ಈರಣ್ಣ ಕಂಬಕ್ಕೊರಗಿ ತಲೆ ತಗ್ಗಿಸಿ ಕೂತಿದ್ದ. ಸಾಯುವವನ ಮುಂದೆ ಹೇಗೆ ಹೇಳಲಿ ಎಂದು ಆ ಸಾಧು ಮನುಷ್ಯ ಮೊದಲರ್ಧ ಮಾತನ್ನು ನುಂಗಿಕೊಂಡಿದ್ದ. ಸಂತೆಯಲ್ಲಿ ಉಗಿದ ಮಾತು ಹೀಗೆ ಈ ಮನೆಗೆ ಬರುವಷ್ಟರಲ್ಲಿ ಅಕ್ಕರೆಯ ಕರೆಯಾಗಿತ್ತು. ಸಣ್ಣಬೀರಪ್ಪ ಅವನ ಮುಖ ನೋಡಿದ. ಈರಣ್ಣ ನೋಡಲಾರದೆ ಕಣ್ಣು ಮುಚ್ಚಿಕೊಂಡ.

"ಒತ್ತೋರು ಬೇಕಾದಷ್ಟು ಜನ ಅವ್ರೆ, ಹಿಡಿಯೋನು ಒಬ್ನೇ ಅಂತಿದ್ರು" ಎಂದಳು ಅಂಬಮ್ಮ. "ಮೂರು ವರ್ಷ ಯಾರಿಗೂ ಆ ಕಾಲು ಮುಟ್ಟೋಕೆ ಬಿಡ್ಲಿಲ್ಲ."

ಒಳಗೆ ಪಡಸಾಲೆಯಲ್ಲಿ ಕರಿಸಿದ್ದಪ್ಪನನ್ನು ಅದೇ ಜಾಗದಲ್ಲಿ ಮಲಗಿಸಿದ್ದರು. ಹೆಣ ಎತ್ತುವ ಮೊದಲು ಎರಡು ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುವುದು ಶಾಸ್ತ್ರ. ಹಟ್ಟಿಯ ಹಿರಿಯ ಲಕ್ಕಣ್ಣ ಬಟ್ಟೆಯ ಚೂರು ಹೊಸೆದು, ಊದಿದ ಬಲಗಾಲಿನ ಹೆಬ್ಬೆರಳಿಗೆ ಸುತ್ತಿ ಜಗ್ಗಿ ಬಿಗಿಯುತ್ತಿದ್ದ.

"ಬಿಗೀಬೇಡ ಲಕ್ಕಣ್ಣಾ, ನೋಯ್ತದೆ!"

ಕೂಗು ಬೀದಿಯವರೆಗೂ ಕೇಳಿಸಿತು. ಹೆಂಗಸರು ಅಳುವುದನ್ನು ನಿಲ್ಲಿಸಿದರು. "ಇನ್ನೆಲ್ಲಿ ನೋವು ಬತ್ತದೆ ಕಣೋ ಹುಚ್ಚಪ್ಪ" ಎಂದ ಲಕ್ಕಣ್ಣ, ಮೆಲ್ಲಗೆ.

ಸಣ್ಣಬೀರಪ್ಪ ಅವನ ಕೈಯಿಂದ ಬಟ್ಟೆ ಬಿಡಿಸಿ ಕಾಲ ಬಳಿ ಕೂತ. ವಲ್ಲಿಯೊಳಗಿಂದ ಸೀಸೆ ತೆಗೆದು ಅಂಗೈಗೆ ಎಣ್ಣೆ ಸವರಿಕೊಂಡ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮೊಣಕಾಲ ಕೆಳಗಿಂದ ಶುರುಮಾಡಿದ. ಮೀನಖಂಡ, ಹಿಮ್ಮಡಿ, ಅಂಗಾಲು. ಕೊನೆಗೆ ಆ ಬೆರಳನ್ನು ಅಂಗೈಯಲ್ಲಿ ಮುಚ್ಚಿಕೊಂಡ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತು ಬಾಯಿಗೆ ಬರಲೇ ಇಲ್ಲ.

"ಒತ್ತಲ್ಲ ಕಣಣ್ಣ" ಎಂದಷ್ಟೇ ಹೇಳಿದ.

ಯಾರೋ ಹೊತ್ತಾಯಿತೆಂದು ಗೊಣಗಿದರು. "ಹಿಡ್ಕೊಂಡಿರ್ಲಿ ಬಿಡ್ರಪ್ಪ" ಎಂದಳು ಅಂಬಮ್ಮ. ಹೊರಗೆ ಬಿಸಿಲು ತೆಂಗಿನ ಮರಗಳ ಆಚೆಗೆ ಸರಿಯಿತು. ಅವನ ಕೈ ಎಷ್ಟು ಬೆಚ್ಚಗಿದ್ದರೂ ಆ ಕಾಲು ಬೆಚ್ಚಗಾಗಲಿಲ್ಲ.

ಕಟ್ಟದೆ ಎತ್ತುವಂತಿಲ್ಲ ಎಂದು ಲಕ್ಕಣ್ಣ ಮತ್ತೆ ಹೇಳಿದ ಮೇಲೆ ಸಣ್ಣಬೀರಪ್ಪ ತಾನೇ ಕಟ್ಟಿದ, ಒಂದು ಬೆರಳು ತೂರುವಷ್ಟು ಸಡಿಲವಾಗಿ. ಚಟ್ಟ ಹೆಗಲಿಗೇರಿದ್ದೇ ತಡ ಗಂಟು ಕಳಚಿ ಬಟ್ಟೆ ನೆಲಕ್ಕೆ ಬಿತ್ತು, ಪಾದಗಳು ಬೇರೆಯಾದವು. ಮತ್ತೆ ಕಟ್ಟಲು ಅವನು ಯಾರನ್ನೂ ಬಿಡಲಿಲ್ಲ. ಖಾಲಿ ಗಾಡಿಯನ್ನು ದಾಟಿ, ಹೊಲದ ಬದುವಿನ ಗುಂಡಿಯವರೆಗೂ, ಚಟ್ಟದ ಹಿಂದೆ ನಡೆಯುತ್ತ, ಎರಡು ಪಾದಗಳನ್ನೂ ಜೋಡಿಸಿ ಕೈಯಲ್ಲೇ ಹಿಡಿದುಕೊಂಡು ಹೋದ.